ಗರ್ಭಿಣಿ, ಬಾಣಂತಿ, ಮಗುವಿಗೆ ಅಂಗನವಾಡಿ ಆಹಾರ ಮತ್ತು ಮಾತೃ ವಂದನಾ ಹಣ: ಯಾವುದು ಮೊದಲು, ಯಾವುದು ಆಮೇಲೆ

"ತಾಯಿ ಕಾರ್ಡ್ ಮಾಡಿಸಿದ್ದೀವಲ್ಲ, ಇನ್ನೂ ದುಡ್ಡು ಬಂದಿಲ್ಲ ಯಾಕೆ?"

ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೀನೋ ಲೆಕ್ಕ ಇಲ್ಲ. ಉತ್ತರ ಹೆಚ್ಚುಕಡಿಮೆ ಪ್ರತಿ ಸಲವೂ ಒಂದೇ. ತಾಯಿ ಕಾರ್ಡ್, ಅಂದರೆ ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ ಬರೆಯುವ ಕಾರ್ಡ್, ಒಂದು ಪುಸ್ತಕ. ಅಂಗನವಾಡಿ ಇನ್ನೊಂದು ಪುಸ್ತಕ. ಮಾತೃ ವಂದನಾ ಮೂರನೇ ಪುಸ್ತಕ. ಒಂದರಲ್ಲಿ ಹೆಸರು ಬರೆಸಿದರೆ ಉಳಿದ ಎರಡರಲ್ಲಿ ತಾನಾಗಿ ಬಂದುಬಿಡುವುದಿಲ್ಲ. ಮೂರು ಕಡೆಯೂ ಹೋಗಬೇಕು, ಅದೂ ಇದೇ ಕ್ರಮದಲ್ಲಿ.

ತಾಯಿ ಕಾರ್ಡ್ ಕೊಡುವುದು ಆರೋಗ್ಯ ಇಲಾಖೆ, ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ. ಊಟ, ಹಾಲು, ಮೊಟ್ಟೆ, ಮಗುವಿನ ಪುಷ್ಟಿ ಪುಡಿ ಎಲ್ಲಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು, ಅದು ಸಿಗುವುದು ಅಂಗನವಾಡಿಯಲ್ಲಿ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ ಹಣಕ್ಕೆ ಬೇರೆಯೇ ಪೋರ್ಟಲ್ ಇದೆ, ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಇಷ್ಟು ತಲೆಯಲ್ಲಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

## ಹಂತ 1: ಕಾಗದಪತ್ರ ಮೊದಲು ಸರಿಮಾಡಿಕೊಳ್ಳಿ

ಅರ್ಜಿ ತುಂಬುವುದು ಕೊನೆಯ ಕೆಲಸ, ಮೊದಲನೆಯದಲ್ಲ. ತಿರಸ್ಕಾರವಾದ ಅರ್ಜಿಗಳನ್ನು ತೆಗೆದು ನೋಡಿದರೆ ತಪ್ಪು ಅರ್ಜಿಯಲ್ಲಿ ಇರುವುದು ಕಡಿಮೆ, ಅದರ ಹಿಂದಿನ ದಾಖಲೆಯಲ್ಲೇ ಜಾಸ್ತಿ.

ಬೇಕಾದ್ದು ಇಷ್ಟು: ತಾಯಿಯ ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್, ತಾಯಿಯ ಸ್ವಂತ ಬ್ಯಾಂಕ್ ಅಥವಾ ಅಂಚೆ ಖಾತೆ, ತಾಯಿ ಕಾರ್ಡ್. ಮಾತೃ ವಂದನಾಗೆ ಇವುಗಳ ಜೊತೆ ಒಂದು ಅರ್ಹತೆ ದಾಖಲೆ, ಅದನ್ನು 4ನೇ ಹಂತದಲ್ಲಿ ಹೇಳುತ್ತೇನೆ.

ಮೊಬೈಲ್ ನಂಬರ್ ವಿಷಯಕ್ಕೆ ಬನ್ನಿ. ಆಧಾರ್ ಮಾಡಿಸಿದ್ದು ಶಾಲೆಯಲ್ಲಿದ್ದಾಗ, ಕೊಟ್ಟ ನಂಬರ್ ಅಪ್ಪನದ್ದು, ಆ ಸಿಮ್ ಈಗ ಇಲ್ಲ. ಒಟಿಪಿ ಎಲ್ಲಿಗೆ ಹೋಗಬೇಕು ಹೇಳಿ? ಗರ್ಭಿಣಿ ಅಂತ ಗೊತ್ತಾದ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ, ದಿನಾ ಕೈಯಲ್ಲಿರುವ ನಂಬರನ್ನೇ ಜೋಡಿಸಿ. ಫೋಟೋ ತುಂಬಾ ಹಳೆಯದಾಗಿದ್ದರೆ ಅದನ್ನೂ ಆಗಲೇ ಬದಲಿಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಕ್ಯೂನಲ್ಲಿ ನಿಲ್ಲುವುದಕ್ಕಿಂತ ಎರಡನೇ ತಿಂಗಳಲ್ಲೇ ಮುಗಿಸುವುದು ಒಳ್ಳೇದು, ಅಲ್ವಾ?

ಬ್ಯಾಂಕ್ ಖಾತೆಯಲ್ಲಿ ಎಡವುವವರು ಇನ್ನೂ ಜಾಸ್ತಿ. "ಆಧಾರ್ ಲಿಂಕ್ ಆಗಿದೆ" ಅಂತ ಬ್ಯಾಂಕಿನವರು ಹೇಳಿದರೆ ಸಾಲದು. ಲಿಂಕ್ ಬೇರೆ, ಸೀಡಿಂಗ್ ಬೇರೆ. ಸೀಡಿಂಗ್ ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕು ಅಂತ ಆಧಾರ್ ಸಂಖ್ಯೆಗೆ ಗುರುತು ಹಾಕುವುದು. ಸರ್ಕಾರದ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ, ಮತ್ತು ಆ ಆಧಾರ್‌ಗೆ ಯಾವ ಬ್ಯಾಂಕ್ ಕೊನೆಯದಾಗಿ ಸೀಡ್ ಆಗಿದೆಯೋ ಅಲ್ಲಿಗೇ ಹೋಗಿ ಕೂರುತ್ತದೆ. ನೀವು ಒಂದು ಬ್ಯಾಂಕಿನ ಪಾಸ್‌ಬುಕ್ ಹಿಡಿದು ಕಾಯುತ್ತಿರುತ್ತೀರಿ, ಹಣ ಕಾಲೇಜಿನಲ್ಲಿ ಸ್ಕಾಲರ್‌ಶಿಪ್‌ಗೆ ತೆರೆದ ಇನ್ನೊಂದು ಖಾತೆಯಲ್ಲಿ ಬಿದ್ದಿರುತ್ತದೆ. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಆಯ್ಕೆ ಇದೆ. ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು, ಸ್ಥಿತಿ ಎರಡೂ ಕಾಣುತ್ತದೆ. ಸಕ್ರಿಯ ಅಂತ ಬಂದರೆ ಸರಿ. ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ "ನೇರ ನಗದು ವರ್ಗಾವಣೆಗೆ ಆಧಾರ್ ಸೀಡಿಂಗ್ ಮಾಡಿಕೊಡಿ" ಅಂತ ಬರೆದುಕೊಡಿ. ಈಗಾಗಲೇ ಗೃಹಲಕ್ಷ್ಮಿ ಹಣ ಬರುತ್ತಿದೆ ಅಂದರೆ ಅದು ಯಾವ ಖಾತೆಗೆ ಬರುತ್ತಿದೆ ನೋಡಿ, ಇದೂ ಸಾಮಾನ್ಯವಾಗಿ ಅಲ್ಲಿಗೇ ಬರುತ್ತದೆ. ಖಾತೆಯೇ ಇಲ್ಲದವರಿಗೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಸುಲಭ. ಪೋಸ್ಟ್‌ಮ್ಯಾನ್‌ಗೆ ಹೇಳಿದರೆ ಮನೆ ಬಾಗಿಲಲ್ಲೇ ತೆರೆಯಬಹುದು. ಸೀಡಿಂಗ್ ಕೂಡ ಮಾಡಿಕೊಡಿ ಅಂತ ಆಗಲೇ ಕೇಳಿ.

ಗಂಡನ ಖಾತೆ, ಅತ್ತೆಯ ಖಾತೆ ನಡೆಯುವುದಿಲ್ಲ. ವರ್ಷಗಟ್ಟಲೆ ಮುಟ್ಟದೆ ನಿಂತುಹೋದ ಖಾತೆಯೂ ಬೇಡ.

ಇನ್ನು ಹೆಸರು. ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಪಾಸ್‌ಬುಕ್‌ನಲ್ಲಿ ಲಕ್ಷ್ಮಿ ಡಿ., ತಾಯಿ ಕಾರ್ಡ್‌ನಲ್ಲಿ ಲಕ್ಷ್ಮಮ್ಮ. ಊರಿನವರಿಗೆ ಮೂವರೂ ಒಬ್ಬಳೇ, ಕಂಪ್ಯೂಟರ್‌ಗೆ ಮೂವರು ಬೇರೆ ಬೇರೆ. ಆಧಾರ್‌ನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಎಲ್ಲಾ ಕಡೆ ಬರೆಸಿ. ಮದುವೆಯಾಯ್ತು ಅಂತ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಲು ಓಡಾಡಬೇಕಾಗಿಲ್ಲ. ತವರಿನ ವಿಳಾಸ ಇದ್ದರೂ ಅಂಗನವಾಡಿಯಲ್ಲಿ ಹೆಸರು ಬರೆಸಬಹುದು.

## ಹಂತ 2: ತಾಯಿ ಕಾರ್ಡ್, ಮೂರು ತಿಂಗಳ ಒಳಗೆ

ಮುಟ್ಟು ನಿಂತು ಪರೀಕ್ಷೆಯಲ್ಲಿ ಗೊತ್ತಾದ ಕೂಡಲೇ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ ಹೇಳಿ. "ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು" ಅನ್ನುವ ಮನೆಗಳಿವೆ, ಗೊತ್ತು. ಆದರೆ ಆಶಾಗೆ ಹೇಳಿದರೆ ಊರಿಗೆಲ್ಲಾ ಹೇಳಿದ ಹಾಗಲ್ಲ. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೂ ತಾಯಿ ಕಾರ್ಡ್ ಬೇಕೇ ಬೇಕು.

ಕಾರ್ಡ್ ಕೈಗೆ ಬಂದಾಗ ಎರಡು ಕಡೆ ನಿಧಾನವಾಗಿ ಓದಿ. ಒಂದು, ಆರ್‌ಸಿಎಚ್ ಸಂಖ್ಯೆ, ಅಂದರೆ ಆರೋಗ್ಯ ಇಲಾಖೆಯ ದಾಖಲೆಯಲ್ಲಿ ನಿಮ್ಮ ಗುರುತಿನ ಸಂಖ್ಯೆ. ಅದನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಎರಡು, ಕೊನೆಯ ಮುಟ್ಟಿನ ದಿನಾಂಕ. ನಮ್ಮ ಸಂಬಂಧಿ ಹುಡುಗಿಯೊಬ್ಬಳ ಕಾರ್ಡ್‌ನಲ್ಲಿ 17 ಅಂತ ಬರೆದಿದ್ದು 11ರ ಹಾಗೆ ಕಾಣುತ್ತಿತ್ತು, ಏಳರ ಕೊಕ್ಕೆಯೇ ಬಿದ್ದಿರಲಿಲ್ಲ. ಅರ್ಜಿಯಲ್ಲಿ ಅವಳು 17 ಹಾಕಿದಳು, ಆರೋಗ್ಯ ಇಲಾಖೆಯ ದಾಖಲೆಯಲ್ಲಿ 11 ಕೂತಿತ್ತು. ಆರು ದಿನದ ವ್ಯತ್ಯಾಸಕ್ಕೆ ಎರಡು ತಿಂಗಳು ಅರ್ಜಿ ಮುಂದೆ ಹೋಗಲಿಲ್ಲ. ಮೊದಲ ಮಗುವಿನ ಅರ್ಜಿಯ ಗಡುವು ಈ ಒಂದು ದಿನಾಂಕದಿಂದಲೇ ಎಣಿಕೆಯಾಗುತ್ತದೆ. ಹಾಗಾಗಿ ನೆನಪಿಲ್ಲ ಅಂತ ಬಾಯಿಗೆ ಬಂದದ್ದು ಹೇಳಬೇಡಿ, ಕ್ಯಾಲೆಂಡರ್ ನೋಡಿ ಹೇಳಿ.

## ಹಂತ 3: ಅಂಗನವಾಡಿಯಲ್ಲಿ ಹೆಸರು

ಇಲ್ಲಿ ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿ. ಅಂಗನವಾಡಿ ಆಹಾರಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ನಿಮ್ಮ ಮನೆ ಯಾವ ಅಂಗನವಾಡಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಯಾವ ಗರ್ಭಿಣಿ ಬೇಕಾದರೂ ಹೆಸರು ಬರೆಸಬಹುದು. ಬಾಡಿಗೆ ಮನೆಯವರು, ಬೇರೆ ಜಿಲ್ಲೆಯಿಂದ ಕೆಲಸಕ್ಕೆ ಬಂದವರು, ಎಲ್ಲರಿಗೂ ಉಂಟು.

ಆಧಾರ್, ತಾಯಿ ಕಾರ್ಡ್, ಮೊಬೈಲ್ ಹಿಡಿದುಕೊಂಡು ಗರ್ಭಿಣಿಯೇ ಹೋಗಬೇಕು. ಮಕ್ಕಳ ಊಟದ ಹೊತ್ತಿಗೆ ಹೋಗಬೇಡಿ, ಕಾರ್ಯಕರ್ತೆಗೆ ಆಗ ಕೈ ಖಾಲಿ ಇರುವುದಿಲ್ಲ. ಅವರು ಅಂಗನವಾಡಿಯ ದಾಖಲೆ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ನಿಮ್ಮ ಹೆಸರು ಸೇರಿಸುತ್ತಾರೆ. ಆಧಾರ್‌ನಿಂದ ಒಟಿಪಿ ಬರುತ್ತದೆ, ಆಮೇಲೆ ಮುಖದ ಫೋಟೋ ತೆಗೆಯುತ್ತಾರೆ. ಮನೆಗೆ ಒಯ್ಯುವ ಆಹಾರ ಕೊಡುವಾಗ ಮುಖ ಗುರುತಿಸುವುದು 2025ರ ಜುಲೈಯಿಂದ ಕಡ್ಡಾಯವಾಗಿದೆ. ಹದಿನಾಲ್ಕನೇ ವಯಸ್ಸಿನಲ್ಲಿ ತೆಗೆದ ಆಧಾರ್ ಫೋಟೋಗೂ ಈಗಿನ ಮುಖಕ್ಕೂ ಹೊಂದಾಣಿಕೆಯಾಗದೆ ಆ್ಯಪ್ ಬೇಡ ಅನ್ನುವುದುಂಟು. ಬಾಗಿಲ ಹತ್ತಿರ ಬೆಳಕಿಗೆ ಮುಖ ಮಾಡಿ ನಿಂತು, ತಲೆ ಮೇಲಿನ ಸೆರಗು ಸ್ವಲ್ಪ ಹಿಂದೆ ಸರಿಸಿ ಮತ್ತೆ ನೋಡಿ. ಒಳಗಿನ ಮಬ್ಬು ಬೆಳಕಿನಲ್ಲಿ ಮೂರು ಸಲ ಆಗದ್ದು ಹೊಸ್ತಿಲ ಹೊರಗೆ ಒಂದೇ ಸಲಕ್ಕೆ ಆಗಿದ್ದನ್ನು ನಾನೇ ನೋಡಿದ್ದೇನೆ.

ಸಿಗುವುದೇನು? ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಗೆ, ಹೆರಿಗೆಯಾದ ಮೇಲೆ 6 ತಿಂಗಳವರೆಗೆ ಬಾಣಂತಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ: ಅನ್ನ, ಸಾಂಬಾರ್, ಸೊಪ್ಪು ತರಕಾರಿ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆಕಾಳು. ತಿಂಗಳಿಗೆ 25 ದಿನದ ಲೆಕ್ಕ. ನಿಯಮದ ಪ್ರಕಾರ ಈ ಆಹಾರದಲ್ಲಿ ದಿನಕ್ಕೆ 600 ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನ್ ಇರಬೇಕು. ಇದು ಮನೆ ಊಟದ ಬದಲಿಗೆ ಅಲ್ಲ, ಮನೆ ಊಟದ ಜೊತೆಗೆ. "ಅಲ್ಲಿ ಉಂಡು ಬಂದಳಲ್ಲ" ಅಂತ ಮನೆಯಲ್ಲಿ ತಟ್ಟೆ ಚಿಕ್ಕದು ಮಾಡಬೇಡಿ, ದಯವಿಟ್ಟು.

ಅಂಗನವಾಡಿಗೆ ಹೋಗಿ ಊಟ ಮಾಡುವುದಕ್ಕೆ ಸಂಕೋಚ ಪಡುವವರು ತುಂಬಾ ಜನ. ಬಾಣಂತಿ ಹೊರಗೆ ಕಾಲಿಡಬಾರದು ಅನ್ನುವ ಮನೆಗಳಂತೂ ಹೇಳುವುದೇ ಬೇಡ. ಅಂಥ ಮನೆಯವರು ಹೆರಿಗೆಗೆ ಮೊದಲೇ ಕಾರ್ಯಕರ್ತೆ ಹತ್ತಿರ ಮಾತಾಡಿ. ದೂರ ಇದೆಯೋ, ವೈದ್ಯರು ವಿಶ್ರಾಂತಿ ಹೇಳಿದ್ದಾರೋ, ವಿಷಯ ಬಿಡಿಸಿ ಹೇಳಿ, ಮನೆಗೆ ಕೊಡುವ ವ್ಯವಸ್ಥೆ ಇದೆಯಾ ಕೇಳಿ. ಏನೂ ಹೇಳದೆ ಹೋಗುವುದನ್ನು ನಿಲ್ಲಿಸಿದರೆ ಹಾಜರಿ ಬೀಳುವುದಿಲ್ಲ, ನಿಮ್ಮ ಪಾಲಿನ ಊಟ ನಿಂತುಹೋಗುತ್ತದೆ.

## ಹಂತ 4: ಮಾತೃ ವಂದನಾ ಅರ್ಜಿ

ಮೊದಲ ಮಗುವಿಗೆ ಒಟ್ಟು 5,000 ರೂಪಾಯಿ, ಎರಡು ಕಂತಿನಲ್ಲಿ. ಮೊದಲು 3,000, ಆಮೇಲೆ 2,000. ಎರಡನೇ ಮಗು ಹೆಣ್ಣಾದರೆ 6,000, ಒಂದೇ ಕಂತಿನಲ್ಲಿ. ಎರಡನೇ ಹೆರಿಗೆಯಲ್ಲಿ ಅವಳಿ ಹುಟ್ಟಿ ಅದರಲ್ಲಿ ಒಂದು ಹೆಣ್ಣಾದರೂ ಇದು ಸಿಗುತ್ತದೆ. ಗರ್ಭಪಾತವಾಗಿದ್ದರೆ ಅಥವಾ ಮಗು ಹುಟ್ಟುವಾಗಲೇ ತೀರಿಕೊಂಡಿದ್ದರೆ, ಮುಂದಿನ ಸಲ ಆ ತಾಯಿಯನ್ನು ಹೊಸಬಳು ಅಂತಲೇ ಪರಿಗಣಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಮತ್ತೆ ಅರ್ಜಿಯನ್ನೇ ಹಾಕುವುದಿಲ್ಲ.

ವಯಸ್ಸು ಕನಿಷ್ಠ 18 ವರ್ಷ 7 ತಿಂಗಳು ಆಗಿರಬೇಕು. ಕೇಂದ್ರ, ರಾಜ್ಯ ಸರ್ಕಾರ ಅಥವಾ ಸರ್ಕಾರಿ ಉದ್ಯಮದಲ್ಲಿ ಕಾಯಂ ನೌಕರಿ ಇದ್ದವರಿಗೆ ಇಲ್ಲ. ಉಳಿದವರು ಒಂದು ಅರ್ಹತೆ ದಾಖಲೆ ಕೊಡಬೇಕು, ಒಂದೇ ಸಾಕು: ಬಿಪಿಎಲ್ ಪಡಿತರ ಚೀಟಿ, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಪರಿಶಿಷ್ಟ ಜಾತಿ ಅಥವಾ ಪಂಗಡದ ಪ್ರಮಾಣಪತ್ರ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ, ಕಿಸಾನ್ ಸಮ್ಮಾನ್ ಪಡೆಯುವ ರೈತ ಮಹಿಳೆ ಅನ್ನುವುದಕ್ಕೆ ದಾಖಲೆ, ಇಲ್ಲವೇ ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಅನ್ನುವ ಪ್ರಮಾಣಪತ್ರ. ರೇಷನ್ ಕಾರ್ಡ್ ಇನ್ನೂ ಅತ್ತೆ ಮನೆಗೆ ಸೇರಿಲ್ಲ ಅಂತ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಕಾಯಬೇಡಿ. ಈ ಪಟ್ಟಿಯಲ್ಲಿ ಕೈಯಲ್ಲಿರುವ ಬೇರೆ ಯಾವುದಾದರೂ ಕೊಡಿ.

ಅರ್ಜಿಯನ್ನು ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಮೂಲಕ ಹಾಕಿಸಬಹುದು, ಮೊಬೈಲ್ ನಂಬರ್ ಕೊಟ್ಟು ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ನನ್ನ ಸಲಹೆ ಕೇಳಿದರೆ, ಕಾರ್ಯಕರ್ತೆ ಮೂಲಕವೇ ಹಾಕಿ. ಯಾಕಂದ್ರೆ ನೀವೇ ಹಾಕಿದ ಅರ್ಜಿಯೂ ಪರಿಶೀಲನೆಗೆ ಸುತ್ತಿ ಬಳಸಿ ಅವರ ಹತ್ತಿರವೇ ಬರುತ್ತದೆ. ನೀವೇ ಹಾಕುವುದಾದರೆ ತಾಲ್ಲೂಕು, ಊರು, ಅಂಗನವಾಡಿ ಕೇಂದ್ರ ಆರಿಸುವಾಗ ಹುಷಾರು. ಒಂದೇ ಊರಲ್ಲಿ ಒಂದು, ಎರಡು, ಮೂರು ಅಂತ ಕೇಂದ್ರಗಳಿರುತ್ತವೆ. ತಪ್ಪು ಕೇಂದ್ರ ಒತ್ತಿದರೆ ಅರ್ಜಿ ಯಾರದೋ ಪಟ್ಟಿಯಲ್ಲಿ ಕೂತಿರುತ್ತದೆ, ಆ ಕಾರ್ಯಕರ್ತೆಗೆ ನೀವು ಯಾರು ಅಂತಲೇ ಗೊತ್ತಿರುವುದಿಲ್ಲ. ಅರ್ಜಿ ಸಂಖ್ಯೆ ಬಂದ ಕೂಡಲೇ ತಾಯಿ ಕಾರ್ಡ್‌ನ ಹಿಂದಿನ ಪುಟದಲ್ಲಿ ಬರೆದಿಡಿ.

ಮೊದಲ ಕಂತಿಗೆ ಬೇಕಾದ್ದು ಗರ್ಭಧಾರಣೆ ನೋಂದಣಿ, ಜೊತೆಗೆ ಕೊನೆಯ ಮುಟ್ಟಿನಿಂದ 6 ತಿಂಗಳ ಒಳಗೆ ಕನಿಷ್ಠ ಒಂದು ತಪಾಸಣೆ. ತಪಾಸಣೆ ಮಾಡಿಸಿದರೆ ಸಾಲದು, ಅದು ಕಾರ್ಡ್‌ನಲ್ಲಿ ದಿನಾಂಕದ ಸಮೇತ ಬರೆದಿರಬೇಕು. ಖಾಸಗಿ ಡಾಕ್ಟರ್ ಹತ್ತಿರ ಹೋಗುವಾಗಲೂ ತಾಯಿ ಕಾರ್ಡ್ ಒಯ್ದು ಬರೆಸಿಕೊಳ್ಳಿ.

ಗಡುವು ನೆನಪಿಡಿ. ಮೊದಲ ಮಗುವಿಗೆ ಕೊನೆಯ ಮುಟ್ಟಿನ ದಿನದಿಂದ 570 ದಿನ. ಉದಾಹರಣೆಗೆ ಆ ದಿನ 2025ರ ಜನವರಿ 1 ಆಗಿದ್ದರೆ ಕೊನೆಯ ದಿನ 2026ರ ಜುಲೈ 25. ಅಂದರೆ ಹೆರಿಗೆಯಾಗಿ ಸುಮಾರು ಒಂಬತ್ತೂವರೆ ತಿಂಗಳು. ಎರಡನೇ ಹೆಣ್ಣುಮಗುವಿಗೆ ಹುಟ್ಟಿದ ದಿನದಿಂದ 270 ದಿನ, ಆದರೆ ಗರ್ಭಿಣಿಯಾಗಿದ್ದಾಗಲೇ ನೋಂದಣಿ ಆಗಿರಬೇಕು. "ಹೆಣ್ಣಾದರೆ ನೋಡೋಣ" ಅಂತ ಬಿಟ್ಟರೆ ಆಮೇಲೆ ಹಿಂದಕ್ಕೆ ಹೋಗಿ ನೋಂದಾಯಿಸಲು ಆಗುವುದಿಲ್ಲ.

## ಹಂತ 5: ತವರಿಗೆ ಹೋಗುವ ಮುನ್ನ

ನಮ್ಮಲ್ಲಿ ಅತಿ ಹೆಚ್ಚು ಕಡತಗಳು ಕಳೆದುಹೋಗುವುದು ಇಲ್ಲಿಯೇ. ಸೀಮಂತ ಮುಗಿಯುತ್ತದೆ, ಹುಡುಗಿ ತವರಿಗೆ ಹೋಗುತ್ತಾಳೆ, ಐದು ತಿಂಗಳೋ ಏಳು ತಿಂಗಳೋ ಅಲ್ಲೇ ಇರುತ್ತಾಳೆ. ಹೆಸರು ಗಂಡನ ಊರಲ್ಲಿ, ಹೆರಿಗೆ ತವರಿನ ತಾಲ್ಲೂಕಿನಲ್ಲಿ, ಲಸಿಕೆ ಇನ್ನೊಂದು ಕಡೆ. ಇಲ್ಲಿಯ ಕಾರ್ಯಕರ್ತೆ ಗೈರುಹಾಜರಿ ಹಾಕುತ್ತಾರೆ, ಅಲ್ಲಿಯವರಿಗೆ ಹುಡುಗಿ ಬಂದದ್ದೇ ಗೊತ್ತಿರುವುದಿಲ್ಲ. ಒಂದು ಮನೆಯಲ್ಲಿ ಬಾಣಂತಿ ಐದು ತಿಂಗಳು ತವರಲ್ಲಿ ಇದ್ದಳು, ಅಂಗನವಾಡಿ ಎದುರು ಮನೆಯಲ್ಲೇ ನಡೆಯುತ್ತಿತ್ತು. ದಿನಾ ಸಾಂಬಾರಿನ ಒಗ್ಗರಣೆ ವಾಸನೆ ಮನೆ ತನಕ ಬರುತ್ತಿತ್ತು. ಅಷ್ಟು ದಿನದಲ್ಲಿ ಒಂದು ಊಟವೂ ಅವಳಿಗೆ ಸಿಗಲಿಲ್ಲ, ಹೆಸರು ಬೇರೆ ಊರಲ್ಲಿತ್ತು ಅನ್ನುವ ಒಂದೇ ಕಾರಣಕ್ಕೆ.

ಹೊರಡುವ ವಾರದ ಮೊದಲೇ ಗಂಡನ ಊರಿನ ಕಾರ್ಯಕರ್ತೆಗೆ ಹೇಳಿ. ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆ ಅಂತ ಆಯ್ಕೆ ಇದೆ, ಹೆಸರನ್ನು ಇನ್ನೊಂದು ಕೇಂದ್ರಕ್ಕೆ ಕಳಿಸಬಹುದು. ತವರಿನ ಅಂಗನವಾಡಿಗೆ ಹೋದ ಎರಡು ಮೂರು ದಿನದಲ್ಲೇ ತಾಯಿ ಕಾರ್ಡ್ ತೋರಿಸಿ. ಅಲ್ಲಿ ಹೊಸದಾಗಿ ಇನ್ನೊಂದು ಹೆಸರು ಸೇರಿಸಲು ಹೋಗಬೇಡಿ. ಒಂದೇ ಆಧಾರ್ ಎರಡು ಕಡೆ ಕೂರುವುದಿಲ್ಲ, ಸುಮ್ನೆ ತೊಡಕಾಗುತ್ತದೆ. ಇಬ್ಬರು ಕಾರ್ಯಕರ್ತೆಯರಿಗೂ ಒಬ್ಬರ ನಂಬರ್ ಇನ್ನೊಬ್ಬರಿಗೆ ಕೊಡಿ. ಅವರವರೇ ಮಾತಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ತಾಯಿ ಕಾರ್ಡ್ ಮಾತ್ರ ಯಾವ ಕಾರಣಕ್ಕೂ ಗಂಡನ ಮನೆಯ ಬೀರುವಿನಲ್ಲಿ ಬಿಟ್ಟು ಹೋಗಬೇಡಿ.

## ಹಂತ 6: ಮಗು ಹುಟ್ಟಿದ ಮೇಲೆ

ಜನನ ನೋಂದಣಿ 21 ದಿನದ ಒಳಗೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರೇ ಮಾಹಿತಿ ಕಳಿಸುತ್ತಾರೆ, ಆದರೆ ತಾಯಿಯ ಹೆಸರಿನ ಅಕ್ಷರ ಸರಿ ಇದೆಯಾ ಅಂತ ಡಿಸ್ಚಾರ್ಜ್‌ಗೆ ಮುಂಚೆ ನೀವೇ ನೋಡಿ. ಜನನ ಪ್ರಮಾಣಪತ್ರದಲ್ಲಿ ತಪ್ಪಾದರೆ ತಿದ್ದಿಸುವುದು ದೊಡ್ಡ ಓಡಾಟ.

ಎರಡನೇ ಕಂತಿಗೆ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆ ಮುಗಿದಿರಬೇಕು. ಹುಟ್ಟಿದಾಗಿನ ಬಿಸಿಜಿ, ಆಮೇಲೆ 6, 10, 14 ವಾರದ ಲಸಿಕೆಗಳು. 9 ತಿಂಗಳ ಲಸಿಕೆವರೆಗೆ ಕಾಯಬೇಕಿಲ್ಲ. ಮೂರೂವರೆ ತಿಂಗಳ ಲಸಿಕೆ ಹಾಕಿಸಿದ ವಾರವೇ ಕಾರ್ಡ್ ಒಯ್ದು ಕಂತಿಗೆ ಹಾಕಿಸಿ. ಎರಡನೇ ಕಂತು ಮೊದಲನೆಯದರ ಬೆನ್ನಿಗೆ ತಾನಾಗಿ ಬರುತ್ತದೆ ಅಂತ ಕೂತವರಿಗೆ ಅದು ಬರುವುದೇ ಇಲ್ಲ. ಎರಡನೇ ಹೆಣ್ಣುಮಗುವಿನ 6,000ಕ್ಕೂ ಇದೇ ಷರತ್ತು.

## ಹಂತ 7: ಆರು ತಿಂಗಳ ತಿರುವು

6 ತಿಂಗಳಿಗೆ ತಾಯಿಯ ಊಟ ಮುಗಿಯುತ್ತದೆ, ಮಗುವಿನ ಆಹಾರ ಶುರುವಾಗುತ್ತದೆ. ತಾಯಿಯದ್ದು ನಿಂತಿತಲ್ಲ ಅಂತ ಎಷ್ಟೋ ಮನೆಯವರು ಅಂಗನವಾಡಿಗೆ ಹೋಗುವುದನ್ನೇ ಬಿಡುತ್ತಾರೆ. ಆದರೆ ಮಗುವಿಗೆ 6 ತಿಂಗಳಿಂದ 6 ವರ್ಷದವರೆಗೆ ಹಕ್ಕಿದೆ. 3 ವರ್ಷದವರೆಗೆ ಮನೆಗೆ ಒಯ್ಯುವ ಆಹಾರ, ಆಮೇಲೆ ಕೇಂದ್ರದಲ್ಲೇ ಊಟ. ಮಗುವಿನ ಹೆಸರು, ಹುಟ್ಟಿದ ದಿನ ಸೇರಿಸಿದ್ದಾರಾ ಕೇಳಿ. ಮಗುವಿಗೆ ಆಧಾರ್ ಇಲ್ಲದಿದ್ದರೂ ತಾಯಿಯ ಆಧಾರ್ ಮೇಲೆ ಆಗುತ್ತದೆ. ಪುಷ್ಟಿ ಪುಡಿ ಮನೆಗೆ ಬಂದರೆ ಅದು ಆ ಮಗುವಿಗೇ ಹೋಗಲಿ, ಮನೆಮಂದಿಗೆಲ್ಲಾ ಕಲಸಿ ಹಂಚಬೇಡಿ.

ತಿಂಗಳಿಗೊಮ್ಮೆ ತೂಕ ಹಾಕಿಸುವುದನ್ನು ತಪ್ಪಿಸಬೇಡಿ. ತೋಳಿನ ಸುತ್ತಳತೆ ತೆಗೆಯುವ ಪಟ್ಟಿ ಇರುತ್ತದೆ, ಹಸಿರು, ಹಳದಿ, ಕೆಂಪು ಬಣ್ಣದ್ದು. 12.5 ಸೆಂಟಿಮೀಟರ್‌ಗಿಂತ ಕೆಳಗೆ ಬಂದರೆ ಹಳದಿ, 11.5ಕ್ಕಿಂತ ಕೆಳಗೆ ಕೆಂಪು. ಕೆಂಪು ಬಂದರೆ, ಅಥವಾ ಎರಡೂ ಪಾದ ಊದಿಕೊಂಡು ಬೆರಳಿನಿಂದ ಒತ್ತಿದರೆ ಗುಳಿ ಉಳಿದರೆ, ಪುಷ್ಟಿ ಪುಡಿ ಕೊಟ್ಟು ನೋಡೋಣ ಅಂತ ಕಾಯಬೇಡಿ. ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಇರುತ್ತದೆ, ತಾಯಿ ಮಗು ಇಬ್ಬರನ್ನೂ ಇಟ್ಟುಕೊಂಡು ನೋಡುತ್ತಾರೆ, ತಾಯಿಯ ಕೂಲಿ ನಷ್ಟಕ್ಕೆ ಭತ್ಯೆಯೂ ಇದೆ. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ ಅಂಗನವಾಡಿಯಲ್ಲೂ ದಿನಕ್ಕೆ 500ರ ಬದಲು 800 ಕ್ಯಾಲೊರಿ ಆಹಾರ ಕೊಡಬೇಕು ಅಂತ ನಿಯಮ.

## ಯಾವಾಗ ಎಚ್ಚರ ಆಗಬೇಕು

ಹೆಸರು ಬರೆಯುವುದಕ್ಕೆ, ಅರ್ಜಿ ಹಾಕುವುದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಅರ್ಜಿಗೆ ಶುಲ್ಕ ಇಲ್ಲ. "ಅಂಗನವಾಡಿ ಹಣ ಬಂದಿದೆ, ಲಿಂಕ್ ಒತ್ತಿ, ಒಟಿಪಿ ಹೇಳಿ" ಅಂತ ಫೋನ್ ಬಂದರೆ ಅದು ಮೋಸ. ನಿಮ್ಮ ಮಗುವಿನ ಹೆಸರು, ಹುಟ್ಟಿದ ದಿನ ಎಲ್ಲಾ ಸರಿಯಾಗಿ ಹೇಳಿದರೂ ನಂಬಬೇಡಿ. ಒಟಿಪಿ ಕೊಡುವುದು ಕಾರ್ಯಕರ್ತೆ ಎದುರಿಗೆ ಕೂತಾಗ ಮಾತ್ರ.

ಆಹಾರ ಪಡೆಯದೆ ಪಡೆದೆ ಅಂತ ಸಹಿ ಹಾಕಬೇಡಿ, ಮುಖ ತೋರಿಸಬೇಡಿ. ಪ್ಯಾಕೆಟ್ ಮೇಲಿನ ದಿನಾಂಕ ನೋಡಿ, ಹುಳ ಬಿದ್ದಿದ್ದರೆ ಅಲ್ಲೇ ವಾಪಸ್ ಕೊಟ್ಟು ಬರೆಸಿ.

## ಕೆಲಸ ನಿಂತರೆ ಯಾರನ್ನು ಕೇಳಬೇಕು

ಮೊದಲು ಕಾರ್ಯಕರ್ತೆ. ಅವರ ಕೈಲಿ ಆಗದಿದ್ದರೆ ವೃತ್ತದ ಮೇಲ್ವಿಚಾರಕಿ, ಆಮೇಲೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅದರ ಮೇಲೆ ಜಿಲ್ಲೆಯ ಉಪನಿರ್ದೇಶಕರು. ಬಾಯಿಮಾತಿನಲ್ಲಿ ಒಂದು ಸಲ ಕೇಳಿ, ಎರಡನೇ ಸಲ ಬರವಣಿಗೆಯಲ್ಲಿ ಕೊಡಿ. ಅರ್ಜಿ ಸಂಖ್ಯೆ, ಆರ್‌ಸಿಎಚ್ ಸಂಖ್ಯೆ, ಯಾವ ತಿಂಗಳಿಂದ ಏನು ಸಿಕ್ಕಿಲ್ಲ ಅಂತ ಅರ್ಧ ಪುಟ ಸಾಕು, ಇನ್ನೊಂದು ಪ್ರತಿ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳಿ. ಸಹಾಯವಾಣಿಗಳೂ ಇವೆ: ರಾಜ್ಯ ಸರ್ಕಾರದ ಜನಸ್ಪಂದನ 1902, ಆಧಾರ್‌ಗೆ 1947. ಗರ್ಭಿಣಿ, ಬಾಣಂತಿ, ಮಕ್ಕಳ ಆಹಾರ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲಿ ಬರೆದಿರುವ ಹಕ್ಕು. ಹಾಗಾಗಿ ತಾಲ್ಲೂಕು, ಜಿಲ್ಲೆಯಲ್ಲಿ ಕೆಲಸ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೂ ದೂರು ಕೊಡಬಹುದು. ಆಗ ಆ ಮೊಹರು ಬಿದ್ದ ಪ್ರತಿಯನ್ನೇ ಜೊತೆಗೆ ಲಗತ್ತಿಸಿ.